ಉಬ್ರಾಣಿಯ ಸೀಗೆಪುಡಿ

ಚನ್ನಗಿರಿಯಲ್ಲಿ ಉಬ್ರಾಣಿಯ ಬಸ್ಸು ಹತ್ತಿದಾಗಲೂ ಮಗಳು ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡೇ ಇದ್ದಳು. ಟೈಫಾಯ್ಡ್ ವಾಸಿಯಾಗಿ ಮೂರು ತಿಂಗಳಾಗಿತ್ತು. ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತಿತ್ತು. ಶಾಂಪೂಗಳನ್ನು ಬದಲಿಸಿ ಸಾಕಾಗಿತ್ತು. ಕೊನೆಗೆ ಖಾಲಾರ ಸೀಗೆಪುಡಿ ನೆನಪಾಯಿತು.

ಉಬ್ರಾಣಿ ಚನ್ನಗಿರಿ ತಾಲ್ಲೂಕಿನ ಹೋಬಳಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಶಿವಮೊಗ್ಗಕ್ಕೆ ಸೇರಿತ್ತು. ಅಡಿಕೆ ತೋಟಗಳು, ಆಚೆಗೆ ಗುಡ್ಡ, ಕಾಡು.

ಖಾಲಾರ ಅಂಗಳದಲ್ಲಿ ಗೋಣಿಯ ಮೇಲೆ ಸೀಗೆಕಾಯಿ ಒಣಗುತ್ತಿತ್ತು. ಮೊದಲೆಲ್ಲ ನೆರೆಯ ಹೆಂಗಸರೊಂದಿಗೆ ಕಾಡಂಚಿಗೆ ಹೋಗಿ ತರುತ್ತಿದ್ದರಂತೆ. 2023ರಲ್ಲಿ ಈ ತಾಲ್ಲೂಕಿನಲ್ಲಿ ಕಾಡಾನೆ ದಾಳಿಗೆ ಹುಡುಗಿಯೊಬ್ಬಳು ಬಲಿಯಾದ ಮೇಲೆ ಆ ಕಡೆ ಕಾಲಿಟ್ಟಿಲ್ಲ. ಈಗ ಸಂತೆಯದೇ ಗತಿ.

"ಇದರಿಂದ ಕೂದಲು ಬರುತ್ತಾ ನಾನಿ?" ಮಗಳು ಕೇಳಿಯೇಬಿಟ್ಟಳು.

"ಸೀಗೆ ಕೊಳೆ ತೆಗೆಯುತ್ತೆ ಬೇಟಿ, ಕೂದಲು ಬೆಳೆಸಲ್ಲ. ಅದಕ್ಕೆ ಹೊಟ್ಟೆ ತುಂಬ ಉಣ್ಣು."

ನನಗೆ ನಿರಾಸೆಯಾಯಿತು ಎಂದೇ ಹೇಳಬೇಕು. ಆದರೆ ವೈದ್ಯರೂ ಇದನ್ನೇ ಹೇಳಿದ್ದರು: ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತದೆ, ಬೇರು ಸಾಯುವುದಿಲ್ಲ, ತಿಂಗಳುಗಳಲ್ಲಿ ಮತ್ತೆ ಬರುತ್ತದೆ. ನಾನೇ ನಂಬಿರಲಿಲ್ಲ.

ಖಾಲಾ ಬೀಜ ತೆಗೆದು ಸಿಪ್ಪೆಯನ್ನಷ್ಟೇ ಪುಡಿ ಮಾಡಿಸುತ್ತಾರೆ. ನೊರೆ ಕೊಡುವ ಸಪೋನಿನ್ ಇರುವುದು ಅದರಲ್ಲೇ. ಅಂಟುವಾಳಕ್ಕೂ ಅದೇ ಗುಣ. ಜೊತೆಗೆ ಹಿಡಿ ಮೆಂತ್ಯ, ಒಣಗಿಸಿದ ನೆಲ್ಲಿ. ಸ್ನಾನದ ದಿನ ದಾಸವಾಳದ ಎಲೆ ಕಿವುಚಿ ಅದರ ಲೋಳೆ ಸೇರಿಸಿದರೆ ಕೂದಲು ಸಿಕ್ಕಾಗುವುದು ಕಡಿಮೆ. ಎಣ್ಣೆ ಜಿಡ್ಡು ಹೆಚ್ಚಿದ್ದರೆ ಚುಜ್ಜಲು ಸೊಪ್ಪಿನ ಪುಡಿ. ಕಣ್ಣಿಗೆ ಸೀಗೆ ಬೀಳಬಾರದು, ಬಿದ್ದರೆ ತಣ್ಣೀರಿನಿಂದ ಚೆನ್ನಾಗಿ ತೊಳೆಯಬೇಕು. ಮಕ್ಕಳಿರುವವರು ಇದನ್ನು ಮರೆಯಬೇಡಿ.

ಹಿತ್ತಲಿನ ಬೋರೆ ಎಲೆಯನ್ನೂ ಖಾಲಾ ಅರೆದರು. ಮಗಳು ಹಿಂಜರಿದಳು, "ಅಮ್ಮೀ, ಅದು ಮಯ್ಯಿತ್‌ಗಲ್ಲವಾ?" ಮಯ್ಯಿತ್ ಸ್ನಾನಕ್ಕೆ ಸಿದ್ರ್ ಎಲೆ ಬಳಸುವುದು ನಿಜ, ಪ್ರವಾದಿ(ಸ)ಯವರು ತಮ್ಮ ಮಗಳ ಸ್ನಾನಕ್ಕೆ ಅದನ್ನೇ ಹೇಳಿದ್ದರು. ಆದರೆ ಇಸ್ಲಾಮ್ ಸ್ವೀಕರಿಸಲು ಬಂದ ಖೈಸ್ ಬಿನ್ ಆಸಿಮ್‌ರಿಗೂ ನೀರು ಮತ್ತು ಸಿದ್ರ್‌ನಿಂದ ಸ್ನಾನ ಮಾಡಲು ಹೇಳಿದ್ದು ಅಬೂದಾವೂದ್‌ನಲ್ಲಿದೆ. ಬದುಕಿರುವವರ ಸೋಪೂ ಅದೇ ಆಗಿತ್ತು. ಬೋರೆ ಆ ಜಾತಿಯದೇ ಮರ.

ಸ್ನಾನವಾಗಿ ಬಿಸಿಲಲ್ಲಿ ಕುಳಿತ ಮಗಳ ತಲೆಯನ್ನು ಖಾಲಾ ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಿದರು. ಕೂದಲು ಆಗಲೂ ಉದುರಿತು. ಹಣೆಯ ಮೇಲೆ ಬೆರಳಾಡಿಸಿ ನನ್ನನ್ನು ಕರೆದರು, "ಇಲ್ಲಿ ನೋಡು." ಬೆರಳಿನ ಗೆಣ್ಣಿನಷ್ಟು ಉದ್ದದ ಸಣ್ಣ ಕೂದಲು, ಸಾಲಾಗಿ.

ಬರುವಾಗ ಎರಡು ಸೇರು ಸೀಗೆಕಾಯಿ ಕಟ್ಟಿಕೊಟ್ಟರು. ನಮ್ಮ ಬೀದಿಯ ಗಿರಣಿಯವನು ಸೀನು ಬರುತ್ತದೆಂದು ಅದನ್ನು ಬೀಸಿಕೊಡಲು ಒಪ್ಪಲಿಲ್ಲ. ಮಗಳೇ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಕುಟ್ಟುತ್ತಿದ್ದಾಳೆ.