ಹೊಗಿ ಹಾಕೋಕಿಂತ ಮೊದಲ ಒಮ್ಮೆ ತಲಿ ಎತ್ತಿ ನೋಡ್ರಿ

ಮೊನ್ನೆ ಹಿಂದಿನ ಓಣಿ ವೈನಿ ಫೋನ್ ಮಾಡಿದ್ರು. ಅವರ ಮಗಳ ಕುಬಸ ಬಂದದ. "60 ಮಂದಿ ಅಡಗಿ ಮನಿಯೊಳಗ ಆಗಂಗಿಲ್ಲವಾ. ಹಿತ್ತಲದಾಗ ಪೆಂಡಾಲ ಹಾಕಿಸಿ ಅಲ್ಲೇ ಒಲಿ ಹೂಡಬೇಕಂತ ಮಾಡೇವಿ. ನೊಣದ್ದ ಒಂದು ಕಾಟ ನೋಡು. ಬೇವಿನ ತೊಪ್ಪಲದ ಹೊಗಿ ಹಾಕಿದ್ರ ಹೆಂಗ?" ಅಂದ್ರು.

ಹೊಗಿ ಅಂದ ಕೂಡ್ಲೆ ನನ್ನ ಎದಿ ಧಸಕ್ಕ ಅಂತು. "ವೈನಿ, ಹೊಗಿ ಮಾತು ಆಮ್ಯಾಲೆ. ಮೊದಲ ಹಿತ್ತಲಕ್ಕ ಹೋಗಿ ತಲಿ ಎತ್ತಿ ನೋಡ್ರಿ. ಗಿಡದಾಗ, ಬಾಜೂ ಮನಿ ಸಜ್ಜಾದ ಕೆಳಗ, ನೀರಿನ ಟಾಕಿ ಬುಡಕ ಏನರೆ ಕರ್ರಗ ಜೋತು ಬಿದ್ದದೇನು?" ಅಂದೆ. ವೈನಿ ನಕ್ಕರು. "ನಾ ನೊಣದ್ದು ಕೇಳಿದ್ರ ನೀ ಆಕಾಶ ತೋರಸ್ತೀಯಲ್ಲ!"

ಯಾಕ ತೋರಿಸಿದೆ ಅಂತ ಇವತ್ತ ಎಲ್ಲಾರಿಗೂ ಹೇಳಿಬಿಡ್ತೇನಿ. ಐದು ವರ್ಷ ಆತು, ಪೂರ್ತಿ ಕತಿ ಯಾರ ಮುಂದೂ ಹೇಳಿಲ್ಲ.

ನಮ್ಮ ನಾದಿನಿ ಕುಬಸ ಮೇ ತಿಂಗಳದಾಗ ಬಂದಿತ್ತು. ಧಾರವಾಡದ ನಮ್ಮ ಮನಿ ಹಳೇದು, ಒಳಗ ಇಕ್ಕಟ್ಟು, ಹಿತ್ತಲ ಮಾತ್ರ ದೊಡ್ಡದು. ಒಂದು ಮಾವಿನ ಗಿಡ, ಬಾವಿ ಕಟ್ಟಿ, ಅರಿವಿ ಒಗಿಯೋ ಕಲ್ಲು. ಅಲ್ಲೇ ಎರಡು ದೊಡ್ಡ ಗ್ಯಾಸ್ ಒಲಿ, ಒಂದು ಕಟಗಿ ಒಲಿ ಹೂಡಿ ಅಡಗಿ ಶುರು ಮಾಡಿದ್ವಿ. ಹೋಳಗಿ, ಸೀಕರಣಿ, ಕೋಸಂಬ್ರಿ, ಚಿತ್ರಾನ್ನ, ಕಟ್ಟಿನ ಸಾರು. 11 ಗಂಟೆ ಹೊತ್ತಿಗೆ ಹೂರಣ ರುಬ್ಬಿ ಆಗಿತ್ತು, ಆಪೂಸ ಹಣ್ಣು ಹಿಂಡಿ ಸೀಕರಣಿ ಪಾತೇಲಿ ತುಂಬಿತ್ತು. ಅಲ್ಲೀ ತನಕಾ ಎಲ್ಲಿದ್ದವೋ ಏನೋ, ನೊಣ ಮುಕುರಿಬಿಟ್ಟವು. ಹಣ್ಣಿನ ಸಿಪ್ಪಿ, ವಾಟಿ ಎಲ್ಲಾ ಅಲ್ಲೇ ಬುಟ್ಟಿಯೊಳಗ ಬಾಯಿ ತಕ್ಕೊಂಡು ಕೂತಿದ್ದವು. ಅದನ್ನ ಎತ್ತಿ ದೂರ ಇಡಬೇಕಂತ ಒಬ್ಬರಿಗೂ ಹೊಳೀಲಿಲ್ಲ.

12ಕ್ಕ ಬೀಗರು ಬರವರು. ಅವರ ಸೀಕರಣಿ ವಾಟಿಯೊಳಗ ಒಂದ ನೊಣ ಬಿದ್ರೂ ಮುಂದ ಹತ್ತು ವರ್ಷ ಮಾತು ಕೇಳಬೇಕಾಗ್ತದ, ನಿಮಗೆಲ್ಲಾ ಗೊತ್ತದ. ನಾ ಗಡಬಡಿಸಿ ಹಳೇ ಕಬ್ಬಿಣದ ಬುಟ್ಟಿಯೊಳಗ ಎರಡು ಕುಳ್ಳು, ತೆಂಗಿನ ನಾರು ಹಾಕಿ ಹೊತ್ತಿಸಿದೆ. ಮ್ಯಾಲೆ ಹಸೀ ಬೇವಿನ ತೊಪ್ಪಲ ಒಟ್ಟಿದೆ. ಅವತ್ತು ಗಾಳಿ ಒಂದೀಟೂ ಇರಲಿಲ್ಲ. ಹೊಗಿ ಕಂಬ ನಿಂತಂಗ ಸೀದಾ ಮ್ಯಾಲೆ ಹೋತು. ನೊಣ ಖರೇನ ಕಡಿಮಿ ಆದವು. "ನೋಡ್ರಿ, ನಮ್ಮ ಅಜ್ಜಿ ಔಷಧ" ಅಂತ ಇಲ್ಲದ ಮೀಸಿ ತಿರುವಿದೆ.

ಮ್ಯಾಲೆ ಏನಿತ್ತಂತ ಗೊತ್ತಿರಲಿಲ್ಲ ಅಂದ್ರ ಸುಳ್ಳಾಗ್ತದ. ಬಾಜೂ ಮನಿಯ ಮೂರನೇ ಅಂತಸ್ತಿನ ಸಜ್ಜಾದ ಕೆಳಗ ಹೆಜ್ಜೇನು ಕಟ್ಟಿ ಮೂರು ತಿಂಗಳಾಗಿತ್ತು. ಮೊರದಷ್ಟು ದೊಡ್ಡ ಹಲ್ಲಿ. ದಿನಾ ಅರಿವಿ ಒಣಾ ಹಾಕೋ ಮುಂದ ನೋಡ್ತಿದ್ದೆ. ದಿನಾ ನೋಡಿ ನೋಡಿ ಅದು ಗ್ವಾಡಿ ಮ್ಯಾಲಿನ ಕ್ಯಾಲೆಂಡರ ಹಂಗಾಗಿಬಿಟ್ಟಿತ್ತು. ನಾ ನೆನಪು ಮಾಡಿಕೊಳ್ಳಲಿಲ್ಲ, ಅಷ್ಟ.

ಹತ್ತು ಮಿನಿಟಿಗೆ ದೂರದಾಗ ಹಿಟ್ಟಿನ ಗಿರಣಿ ಚಾಲೂ ಆದಂಗ ಸಪ್ಪಳ ಬಂತು. ಅಡಗಿಯವರು ಮ್ಯಾಲೆ ನೋಡಿ "ಒಳಗ ನಡೀರಿ, ಒಳಗ ನಡೀರಿ" ಅಂತ ಒದರಿದ್ರು. ಅದರಾಗೂ ಒಬ್ಬರು ಗ್ಯಾಸ್ ಬಂದ್ ಮಾಡಿ ಓಡಿದ್ರು, ಅವರ ಶಾಣ್ಯಾತನ ದೊಡ್ಡದು. ಎಲ್ಲಾರೂ ಒಳಗ ನುಗ್ಗಿ ಬಾಗಲಾ ಹಾಕಿದ್ವಿ. ನಾದಿನಿ ಪಡಸಾಲಿಯೊಳಗ ಹೂವಿನ ಜಡಿ ಹಾಕಿಸಿಕೊಳ್ಳಿಕ್ಕೆ ಕೂತಿದ್ಲು, ದೇವರ ದಯಾ.

ಆವಾಗ ನಮ್ಮ ಅತ್ತಿಯವರು "ಹುಡುಗ ಎಲ್ಲಿ?" ಅಂದ್ರು. ನನ್ನ ಮಗಾ, ಐದು ವರ್ಷದಂವ, ಬಾವಿ ಕಟ್ಟಿ ಹಿಂದ ಹೂರಣದ ಉಂಡಿ ಹಿಡಕೊಂಡು ಕೂತಿದ್ದ. ನಾ ಬಾಗಲದ ಹತ್ರ ಹೋಗೋದರೊಳಗ ಅತ್ತಿ ಚಿಲಕಾ ತಗದು ಹೊರಗ ಬಿದ್ದಾಗಿತ್ತು. 68 ವರ್ಷದವರು, ಮೊಣಕಾಲ ನೋವು ಅಂತ ಮೆಟ್ಟಲಾ ಹತ್ತಂಗಿಲ್ಲ. ಅಂಥವರು ಓಡಿ ಹೋಗಿ ಸೀರಿ ಸೆರಗಿನಾಗ ಅವನ್ನ ಪೂರ್ತಿ ಸುತ್ತಿ, ಅವಚಿಕೊಂಡು ಬಂದ್ರು. ಹುಡುಗಗ ಕಿವಿಗೆ ಒಂದ ಕಡೆ ಕಚ್ಚಿತ್ತು. ಅತ್ತಿಗೆ ಆಮ್ಯಾಲೆ ಎಣಿಸಿದ್ವಿ, 11 ಕಡೆ.

ಕಾಲು ತಾಸಿನೊಳಗ ಅವರ ತುಟಿ, ಕಣ್ಣು ಬಾತುಬಿಟ್ಟವು. ಎರಡು ಸಲ ವಾಂತಿ ಆತು. "ಎದಿ ಹಿಡದಂಗ ಆಗ್ಯದ" ಅಂದ್ರು. ಯಾರೋ ಸುಣ್ಣಾ ಹಚ್ಚರಿ ಅಂದ್ರು, ಯಾರೋ ಅರಿಶಿಣ ತಂದ್ರು. ನಮ್ಮ ಮನಿಯವರು ಯಾರ ಮಾತೂ ಕೇಳಲಿಲ್ಲ, ಮುಂಬಾಗಲದಿಂದ ಅವರನ್ನ ಆಟೋದಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ರು. ಡಾಕ್ಟರು ನೋಡಿದ ಕೂಡ್ಲೆ ತೊಡಿಗೆ ಇಂಜೆಕ್ಷನ್ ಕೊಟ್ಟರು. ರಾತ್ರಿ ಪೂರ್ತಿ ಅಲ್ಲೇ ಇಟಗೊಂಡ್ರು. "ಇನ್ನ ಸ್ವಲ್ಪ ತಡಾ ಆಗಿದ್ರ ಉಸರಿಗೇ ಕಠಿಣ ಆಗ್ತಿತ್ತು" ಅಂದ್ರಂತ.

ಸಂಜಿಗೆ ಅತ್ತಿ ದವಾಖಾನಿಯಿಂದ ಫೋನ್ ಮಾಡಿಸಿದ್ರು. ಬಾತ ತುಟಿಯೊಳಗ ಮಾತು ಹೊರಡವಲ್ದು. ನಾ ಏನಂತಾರೋ ಅಂತ ನಡಗಲಿಕ್ಹತ್ತಿದ್ದೆ. ಅವರು ಕೇಳಿದ್ದು ಒಂದ ಮಾತು: "ಹೋಳಗಿ ಮುಚ್ಚಿ ಇಟ್ಟೀರೋ ಇಲ್ಲೋ?"

ಹೊಗಿ ಹಾಕಿದವರು ಯಾರಂತ ಮನಿಯೊಳಗ ಯಾರೂ ಎತ್ತಲಿಲ್ಲ. ಎತ್ತಿದ್ರ ಹಗರ ಆಗ್ತಿತ್ತು. ಎಂಟು ದಿನ ಆದ ಮ್ಯಾಲೆ ಅತ್ತಿಗೆ ತಲಿ ಬಾಚೋ ಮುಂದ ನಾನಾ ಹೇಳಿದೆ. "ಜೇನು ಇದ್ದದ್ದು ನಂಗ ಗೊತ್ತಿತ್ರಿ ಅತ್ಯಾ. ಗೊತ್ತಿದ್ದೂ ಹೊಗಿ ಹಾಕಿದೆ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮ ಕೂತ್ರು. "ಹುಚ್ಚಿ ಇದ್ದೀ. ನೊಣ ಬಂದ್ರ ಎಲ್ಲಾರೂ ಹೊಗಿ ಹಾಕ್ತಾರ, ನಾನೂ ಹಾಕ್ತಿದ್ದೆ. ಆದ್ರ ಹೊಗಿ ಎಲ್ಲೆ ಹೋಗಿ ಮುಟ್ಟತದ ಅಂತ ನೋಡಬೇಕು. ನೊಣ ಕರದವರು ನಾವ. ಆ ಸಿಪ್ಪಿ ಬುಟ್ಟಿ ಎತ್ತಿಟ್ಟಿದ್ರ ಮುಗೀತಿತ್ತು" ಅಂದ್ರು.

ಆ ಮಾತು ನನ್ನ ತಲಿಯೊಳಗ ಕೂತುಬಿಡ್ತು. ಹಾರೋ ಹುಳ ಎಲ್ಲಾ ಒಂದಕ್ಕ ಬರಂಗಿಲ್ಲ. ಒಂದೊಂದಕ್ಕ ಒಂದೊಂದು ಆಶಾ. ಎಲ್ಲಾಕ್ಕೂ ಒಂದ ಹೊಗಿ ಹಾಕ್ತೇವಿ ಅನ್ನೋದ ನಮ್ಮ ತಪ್ಪು.

ನೊಣ ವಾಸನಿಗೆ ಬರತದ. ಹಸೀ ಕಸದಾಗ ಒಂದ್ಸಲಕ್ಕ 100ರ ಆಸುಪಾಸು ತತ್ತಿ ಇಡತದ, ಬ್ಯಾಸಗಿಯೊಳಗ 7ರಿಂದ 10 ದಿನಕ್ಕ ಅವು ನೊಣ ಆಗಿ ಹಾರತಾವ. ಅಂದ್ರ ಕಾರ್ಯಾದ ದಿನಾ ಮುಕುರೋ ನೊಣ ಹಿಂದಿನ ವಾರಾನ ನಮ್ಮ ತಿಪ್ಪಿಯೊಳಗ ಹುಟ್ಟಿರತಾವ. ಅದಕ್ಕ ನಾ ಈಗ ಹತ್ತು ದಿನ ಮುಂಚೇನ ಹಿತ್ತಲ ಕಸಾ ಬಳಿಸ್ತೇನಿ. ಅವತ್ತಿನ ದಿನಾ ಸಿಪ್ಪಿ, ಮುಸುರಿ, ಉಂಡ ಎಲಿ ಎಲ್ಲಾ ಮುಚ್ಚಳ ಇದ್ದ ಡಬ್ಬಿಯೊಳಗ, ಒಲಿಯಿಂದ ದೂರ. ಸೀಕರಣಿ ಪಾತೇಲಿ ಮ್ಯಾಲೆ ತೆಳ್ಳನ ಧೋತರದ ಅರಿವಿ ಕಟ್ಟಿ ದಾರಾ ಸುತ್ತೋದು. ನೊಣಕ್ಕ ಕಡಿಲಿಕ್ಕೆ ಹಲ್ಲಿಲ್ಲ, ತಾನ ಉಗುಳಿ ನೆನಸಿ ಹೀರತದ. ಇದು ಗೊತ್ತಾದ ಮ್ಯಾಲೆ "ಒಂದ ನೊಣ, ಏನಾಗ್ತದ" ಅನ್ನೋದು ಬಿಟ್ಟೇನಿ.

ಎಲ್ಲಾಕ್ಕಿಂತ ಛಲೋ ಉಪಾಯ ಅಂದ್ರ ಟೇಬಲ್ ಫ್ಯಾನ್. ಬಡಸೋ ಮೇಜಿನ ಎರಡೂ ತುದಿಗೆ ಒಂದೊಂದು ಇಡ್ರಿ. ಜೋರು ಗಾಳಿಯೊಳಗ ನೊಣ ಕೂಡಲಿಕ್ಕೆ ಆಗಂಗಿಲ್ಲ, ಸೊಳ್ಳಿ ಅಂತೂ ಹಾರಲಿಕ್ಕೇ ಆಗಂಗಿಲ್ಲ. ಒಲಿ ಕಡೆ ಮಾತ್ರ ತಿರುಗಿಸಬ್ಯಾಡ್ರಿ, ಉರಿ ಹಾರತದ. ವಾಯರ ಮಂದಿ ಕಾಲಾಗ ಬರದಂಗ ಗ್ವಾಡಿ ಗುಂಟ ಎಳೀರಿ. ಲಿಂಬಿಹಣ್ಣಿಗೆ ಲವಂಗ ಚುಚ್ಚಿ ಇಡೋದೂ ಮಾಡಿ ನೋಡೇನಿ. ನಮ್ಮನ್ಯಾಗ ನೊಣ ಆ ಲಿಂಬಿಹಣ್ಣಿನ ಮ್ಯಾಲೇ ಕೂತಿತ್ತು.

ಸೊಳ್ಳಿ ನಮ್ಮ ಉಸರಿನ ಜಾಡು ಹಿಡಕೊಂಡು ಬರತದ. ಸಂಜಿ ಕಡೆ ಬರತಾವಂತ ಎಲ್ಲಾರಿಗೂ ಗೊತ್ತದ, ಆದ್ರ ಡೆಂಗಿ ತರೋ ಸೊಳ್ಳಿ ಹಗಲಿಗೇ ಕಡೀತದ. ಅದು ಹುಟ್ಟೋದು ಗಟಾರದಾಗಲ್ಲ, ನಮ್ಮ ಕುಂಡಿಯ ತಾಟಿನಾಗ, ತೆಂಗಿನ ಚಿಪ್ಪಿನಾಗ, ಹಳೇ ಟಾಯರಿನಾಗ ನಿಂತ ತಿಳಿ ನೀರಾಗ. ವಾರಕ್ಕೊಮ್ಮೆ ಎಲ್ಲಾ ಬಗ್ಗಿಸಿ ಒಣಗಿಸಬೇಕು. ಬಸರಿ ಹೆಣಮಗಳ ಕಾರ್ಯಾ ಇದ್ದಾಗಂತೂ ಇದನ್ನ ಮರೀಬ್ಯಾಡ್ರಿ.

ಇನ್ನ ಮೊದಲ ಮಳಿ ಬಿದ್ದ ಸಂಜಿಗೆ ರೆಕ್ಕಿ ಬಂದ ಗೆದ್ದಲ ಹುಳ ಹೊರಡತಾವಲ್ಲ, ಅವಕ್ಕ ಬೇಕಾದದ್ದು ಬೆಳಕು. ಒಲಿ ಮ್ಯಾಲೇ ಬೆಳ್ಳನ ಟ್ಯೂಬ್ ಲೈಟ್ ಕಟ್ಟಿದ್ರ ಸಾರಿನ ಪಾತೇಲಿಗೇ ಬೀಳತಾವ. ಆ ಬೆಳ್ಳನ ಲೈಟು ದೂರ ಕಂಪೌಂಡಿಗೆ ಕಟ್ಟಿ, ಒಲಿ ಹತ್ರ ಸಣ್ಣ ಹಳದಿ ದೀಪ ಇಡ್ರಿ. ಹುಳ ಅತ್ಲಾಗ ಹೋಗತಾವ. ಅವುಗಳ ಜಾತ್ರಿ ಸ್ವಲ್ಪ ಹೊತ್ತಿಂದು, ಮುಗಿಯೋ ತನಕಾ ಪಾತೇಲಿ ಮುಚ್ಚಿಡ್ರಿ.

ಜೇನು ಸಿಹಿಗೆ ಬರತದ. ಒಂದೆರಡು ಬಂದ್ರ ಕೈ ಬೀಸಬ್ಯಾಡ್ರಿ, ಸಿಹಿ ಮುಚ್ಚರಿ, ತಾವ ಹೋಗತಾವ. ಆದ್ರ ಹೆಜ್ಜೇನಿನ ಮಾತು ಬ್ಯಾರೆ. ಪೆಟಗಿಯೊಳಗ ಜೇನು ಸಾಕವರು ಹೊಗಿ ಬಿಟ್ಟು ಹುಳ ಸುಮ್ಮ ಮಾಡ್ತಾರ, ಖರೆ. ಅದನ್ನ ನೋಡಿ ಹೆಜ್ಜೇನಿನ ಬುಡಕ ಬೆಂಕಿ ಹಾಕಬಾರದು. ಅವು ಒಂದಲ್ಲ, ಗುಂಪಿಗೆ ಗುಂಪ ಇಳೀತಾವ, ಭಾಳ ದೂರ ಬೆನ್ನು ಹತ್ತತಾವ. ಹಲ್ಲಿ ಕಂಡ್ರ ಒಲಿ ಜಾಗಾ ಬದಲಾಯಿಸ್ರಿ. ತಗಿಸಲಿಕ್ಕೇ ಬೇಕಂದ್ರ ಬಲ್ಲವರನ್ನ ಕರೀರಿ, ಕಾರ್ಯಾದ ಮುಂಜಾನೆ ಅಲ್ಲ, ವಾರಗಟ್ಟಲೆ ಮೊದಲ.

ಬೆನ್ನು ಹತ್ತಿದ್ರ ನಿಂತು ಬಡೀಬ್ಯಾಡ್ರಿ. ಮುಖಾ ಮುಚ್ಚಿಕೊಂಡು ಓಡಿ ಒಳಗ ಹೋಗಿ ಬಾಗಲಾ ಹಾಕ್ರಿ. ಒಂದು ಕಚ್ಚಿದ ಜಾಗಾದಾಗಿನ ವಾಸನಿಗೆ ಉಳದವೂ ಅಲ್ಲೇ ಬರತಾವ. ಮುಳ್ಳು ಸಿಕ್ಕಿದ್ರ ಉಗರಿನಿಂದ ಲಗೂನ ಕೆರದು ತಗೀರಿ, ಸಾಬಾಣ ನೀರಿನಿಂದ ತೊಳೀರಿ, ಬರ್ಫ ಇಡ್ರಿ. ಭಾಳ ಕಡೆ ಕಚ್ಚಿದ್ರ, ಇಲ್ಲಾ ತುಟಿ ಬಾತು, ವಾಂತಿ ಆಗಿ, ಉಸರು ಹಿಡದಂಗಾದ್ರ ಸುಣ್ಣಾ ಅರಿಶಿಣ ಹುಡುಕ್ಕೋತ ಕೂಡಬ್ಯಾಡ್ರಿ. ಸೀದಾ ದವಾಖಾನಿ. ನಮ್ಮ ಅತ್ತಿ ಇವತ್ತ ನಮ್ಮ ಜೋಡಿ ಇದ್ದಾರಂದ್ರ ಆ ಆಟೋದಿಂದ.

ಆ ಹೆಜ್ಜೇನು ಮಳಿಗಾಲಕ್ಕ ಎದ್ದು ಹೋದವು. ಈ ವರ್ಷ ಮತ್ತ ಅದ ಸಜ್ಜಾಕ್ಕ ಬಂದು ಕೂತಾವ. ಅತ್ತಿ ಹಿತ್ತಲಕ್ಕ ಹೋದ ಕೂಡ್ಲೆ ಮೊದಲ ಮ್ಯಾಲೆ ನೋಡತಾರ. "ಬಂದಾರ ನೋಡು ನಿಮ್ಮ ಬೀಗರು" ಅಂತ ನನಗ ಹೇಳಿ, ಅಲ್ಲಿಂದ ಒಳಗ ಬರತಾರ. ನಾ ಹೋಳಗಿ ಹಂಚು ಈಗ ಮುಂದಿನ ಅಂಗಳಕ್ಕ ಇಡತೇನಿ.

ವೈನಿ ರಾತ್ರಿ ಮತ್ತ ಫೋನ್ ಮಾಡಿದ್ರು. ಅವರ ಹಿತ್ತಲದಾಗ ಜೇನು ಇಲ್ಲಂತ. ಟಾಕಿ ಬುಡಕ ಒಂದು ಹರಕ ಗಾಳಿಪಟ ಸಿಕ್ಕೊಂಡದಂತ. "ಆದ್ರೂ ಹೊಗಿ ಬ್ಯಾಡ ಬಿಡು, ನಾಳೆ ನಿನ್ನ ಟೇಬಲ್ ಫ್ಯಾನ್ ಒಯ್ಯಲಿಕ್ಕೆ ಬರ್ತೇನಿ" ಅಂದಾರ. ಬರ್ಲಿ. ಒರೆಸಿ ಇಟ್ಟೇನಿ.