ಕಲ್ಪತರು ನಾಡಿನಲ್ಲಿ ಮಕ್ಕಳೊಡನೆ ಒಂದು ಪ್ರಯಾಣ

ತುಮಕೂರನ್ನು ಬಿಟ್ಟು ಗುಬ್ಬಿಯನ್ನು ದಾಟಿ ನಿಟ್ಟೂರಿನ ಕಡೆಗೆ ಸಾಗಿದಂತೆ ರಸ್ತೆಯ ಎರಡು ಮಗ್ಗುಲಿಗೂ ತೆಂಗಿನ ತೋಟಗಳು ಒತ್ತೊತ್ತಾಗಿ ಬರತೊಡಗುವುವು. ಕಿಬ್ಬನಹಳ್ಳಿ ಕ್ರಾಸನ್ನು ಮುಟ್ಟುವ ವೇಳೆಗೆ ಬೇರೆ ಮರವೇ ಕಣ್ಣಿಗೆ ಬೀಳದೆಂದರೂ ಸಲ್ಲುವುದು. ಅಲ್ಲಿ ದಾರಿ ಕವಲೊಡೆಯುತ್ತದೆ: ನೇರವಾಗಿ ಹೋದರೆ ತಿಪಟೂರು, ಎಡಕ್ಕೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ. ಕಳೆದ ತಿಂಗಳು ನಾವು ಈ ದಾರಿಯನ್ನು ಹಿಡಿದುದು ಮೊಮ್ಮಗನ ಮೊದಲ ವರ್ಧಂತಿಗೆಂದು. ಬೀಗರ ಮನೆ ತುರುವೇಕೆರೆಯ ಬಳಿಯ ಒಂದು ಹಳ್ಳಿಯಲ್ಲಿ. ಅಳಿಯಂದಿರು ಎರಡು ದಿನ ಮೊದಲೇ ಹೋಗಿದ್ದರು. ಕಾರನ್ನು ನಡೆಸಿದವಳು ನಮ್ಮ ಮಗಳು.

ಹಿಂದಿನ ಸಾಲಿನ ಒಂದು ಕಡೆ, ನಮ್ಮ ಬೆನ್ನಿಗೆ, ಕೂಸಿನ ಆಸನ. ಅದರ ಮುಖ ಕಾರಿನ ಹಿಂಬದಿಗೆ. ಇನ್ನೊಂದು ಕಡೆ ಆರು ವರ್ಷದ ಮೊಮ್ಮಗಳಿಗೆ ಬೂಸ್ಟರ್ ಎಂಬ ಎತ್ತರದ ಆಸನ. ನಡುವೆ ನಮ್ಮ ಮನೆಯವರು. ಕೂಸಿನ ಆಸನಕ್ಕೆ ಎಡೆಯಾಗಲೆಂದು ನಮ್ಮ ಸೀಟನ್ನು ಮುಂದಕ್ಕೆ ತಳ್ಳಿದ್ದರಿಂದ ದಾರಿಯುದ್ದಕ್ಕೂ ಮೊಣಕಾಲು ಮುಂದಿನ ಹಲಗೆಗೆ ತಾಗುತ್ತಿತ್ತು. ಆದರೂ ನಾವು ಗೊಣಗಲಿಲ್ಲ. ಅದಕ್ಕೆ ಕಾರಣವುಂಟು.

ನಾಲ್ಕು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಮೊಮ್ಮಗಳು ತನ್ನ ಅಜ್ಜಿಯ ಮಡಿಲಲ್ಲಿ ಕುಳಿತು ಬಂದಿದ್ದಳು. ಮಕ್ಕಳ ಆಸನವೆಂಬುದು ಹಣವಂತರ ಷೋಕಿಯೆಂದು ನಾವೇ ಬೇಡವೆಂದಿದ್ದೆವು. ಕಾಯಿ ತುಂಬಿದ ಟ್ರಾಕ್ಟರೊಂದು ತೋಟದ ಓಣಿಯಿಂದ ಥಟ್ಟನೆ ರಸ್ತೆಗಿಳಿಯಿತು. ಬ್ರೇಕು ಬಿಗಿಯಲಾಗಿ ಮಗು ಮಡಿಲಿನಿಂದ ಜಾರಿ ಮುಂದಿನ ಸೀಟಿನ ಕಂಬಿಗೆ ಹಣೆಯನ್ನು ಬಡಿದುಕೊಂಡಿತು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದುವು. ಗಾಯ ಮಾಯಿತು. ಆದರೆ “ನಾನೇ ಕೈ ಬಿಟ್ಟುಬಿಟ್ಟೆನಲ್ಲ” ಎಂಬ ಕೊರಗು ಮನೆಯವರ ಎದೆಯಲ್ಲಿ ಉಳಿಯಿತು. ಮಗುವಿನ ತಲೆ ಬಾಚುವಾಗಲೆಲ್ಲ ಅವರ ಬೆರಳು ಆ ಕಲೆಯ ಮೇಲೆ ಒಂದು ಗಳಿಗೆ ನಿಲ್ಲುವುದನ್ನು ನಾವು ಕಂಡಿದ್ದೇವೆ.

ಆ ಕೊರಗು ಅನ್ಯಾಯವಾದುದು. ದೋಷವಿದ್ದುದು ಅವರ ಕೈಯಲ್ಲಲ್ಲ, ನಮ್ಮ ಎಣಿಕೆಯಲ್ಲಿ. ಅಂದು ಆದುದು ಬರಿಯ ಬ್ರೇಕು. ಗಂಟೆಗೆ ೫೦ ಕಿಲೋಮೀಟರು ವೇಗದ ಕಾರು ಏನನ್ನಾದರೂ ಢಿಕ್ಕಿ ಹೊಡೆದು, ಒಳಗಿದ್ದವರು ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲಿನಲ್ಲಿ ನಿಲ್ಲಬೇಕಾಯಿತೆನ್ನಿ. ಆಗ ೧೦ ಕಿಲೋಗ್ರಾಂ ತೂಗುವ ಕೂಸು ತನ್ನ ತೂಕದ ಸುಮಾರು ಹದಿನಾಲ್ಕು ಪಾಲು, ಎಂದರೆ ೧೪೦ ಕಿಲೋಗ್ರಾಮಿನಷ್ಟು ಬಲದಿಂದ ಮುಂದಕ್ಕೆ ಚಿಮ್ಮುವುದು. ಒಂದು ಕ್ವಿಂಟಲಿಗೂ ಮಿಗಿಲಾದ ಹೊರೆಯನ್ನು ರೆಪ್ಪೆ ಬಡಿಯುವಷ್ಟರಲ್ಲಿ ಹಿಡಿದು ನಿಲ್ಲಿಸಬಲ್ಲ ತೋಳು ಯಾವ ತಾಯಿಗೂ ಇಲ್ಲ, ಯಾವ ಜಟ್ಟಿಗೂ ಇಲ್ಲ. ಅದೇ ವೇಗ ಸುಮಾರು ೧೦ ಮೀಟರು ಎತ್ತರದ ತೆಂಗಿನ ಮರದ ನೆತ್ತಿಯಿಂದ ಬಿದ್ದ ವಸ್ತು ನೆಲ ಮುಟ್ಟುವ ವೇಗ. ೮೦ ಕಿಲೋಮೀಟರಾದರೆ ೨೫ ಮೀಟರಿನಿಂದ ಬಿದ್ದಂತೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಮರದ ತುದಿಯಲ್ಲಿ ಕೂರಲು ಯಾರೂ ಒಪ್ಪರು. ಕಾರಿನಲ್ಲಿ ಮಾತ್ರ ಎಲ್ಲರೂ ಒಪ್ಪುತ್ತೇವೆ.

ಬೀಗರ ಮನೆಯ ಅಂಗಳದಲ್ಲಿ ಕಾರು ನಿಂತೊಡನೆ ಹಿರಿಯರಾದ ನಮ್ಮ ಬೀಗರು ಬಂದು ಇಣುಕಿ ನೋಡಿದರು. “ಇದೇನಮ್ಮಾ, ಕೂಸನ್ನ ಬೆನ್ನು ತಿರುಗಿಸಿ ಕೂರಿಸಿದ್ದೀಯ? ಅದಕ್ಕೆ ದಾರಿ ಕಾಣೋದು ಬ್ಯಾಡವೇ?” ಎಂದು ಸೊಸೆಯನ್ನು ಕೇಳಿದರು. ಅವಳು ನಗುತ್ತ, “ಮಾವ, ಸುಲಿಯದ ಕಾಯಿ ಮರದಿಂದ ಬಿದ್ದರೂ ಯಾಕೆ ಒಡೆಯೋದಿಲ್ಲ?” ಎಂದು ಮರುಪ್ರಶ್ನೆ ಹಾಕಿದಳು. “ಮಟ್ಟೆ ಇರ್ತದಲ್ಲ, ಪೆಟ್ಟನ್ನೆಲ್ಲ ಅದೇ ತಗೊಂಬಿಡ್ತದೆ” ಎಂದರು ಬೀಗರು. “ಇದೂ ಮಟ್ಟೆಯೇ ಮಾವ.”

ಮಗಳ ಮಾತು ಸರಿಯಾದುದೇ. ಹಸುಳೆಯ ತಲೆ ಮೈಗೆ ಹೋಲಿಸಿದರೆ ಬಲು ದೊಡ್ಡದು, ಕೊರಳು ಎಳೆಯದು. ಮುಂದಕ್ಕೆ ಮುಖ ಮಾಡಿ ಕುಳಿತಾಗ ಕಾರು ಢಿಕ್ಕಿ ಹೊಡೆದರೆ ಪಟ್ಟಿ ಮೈಯನ್ನು ಹಿಡಿದರೂ ತಲೆ ಮುಂದಕ್ಕೆ ಎಸೆಯಲ್ಪಟ್ಟು, ಸೆಳೆತವೆಲ್ಲ ಕೊರಳಿನ ಮೇಲೆ ಬೀಳುವುದು. ಹಿಂದಕ್ಕೆ ಮುಖ ಮಾಡಿದ್ದರೆ ಆಸನದ ಬೆನ್ನು ತಲೆ, ಕೊರಳು, ಬೆನ್ನು ಮೂರನ್ನೂ ಒಟ್ಟಿಗೆ ಆತುಕೊಂಡು ಪೆಟ್ಟನ್ನು ಹರಡಿಬಿಡುವುದು. ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರಾಧ್ಯಾಪಕರು ೧೯೬೪ರ ಸುಮಾರಿನಲ್ಲಿ ಇಂಥ ಆಸನವನ್ನು ಮೊದಲು ರೂಪಿಸಿದರು. ಗಗನಯಾತ್ರಿಗಳು ಬೆನ್ನೊರಗಿಸಿ ಮಲಗಿದಂತೆ ಕುಳಿತು ಮೇಲೇರುವುದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತಂತೆ. ತಕ್ಕ ಆಸನವಿದ್ದರೆ ಅಪಘಾತದಲ್ಲಿ ಹಸುಳೆಗಳ ಸಾವು ನೂರಕ್ಕೆ ೭೧ರಷ್ಟು ತಗ್ಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕನಿಷ್ಠ ೧೫ ತಿಂಗಳವರೆಗೆ, ಸಾಧ್ಯವಾದರೆ ಆ ಆಸನದ ತೂಕ ಎತ್ತರಗಳ ಮಿತಿ ಮುಗಿಯುವವರೆಗೂ, ಮಗು ಹಿಂದಕ್ಕೇ ಮುಖ ಮಾಡಿರಲಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಈ ಆಸನವನ್ನು ಎಂದಿಗೂ ಇಡಬಾರದು. ಉಬ್ಬಿ ಬರುವ ಚೀಲದ ಹೊಡೆತವೇ ಕೂಸಿಗೆ ಮೃತ್ಯುವಾದೀತು.

ವರ್ಧಂತಿಯ ಮರುದಿನ ತುರುವೇಕೆರೆಯ ಹೊಯ್ಸಳ ದೇವಾಲಯವನ್ನೂ, ಗಂಗಾಧರೇಶ್ವರನ ಎದುರಿಗೆ ಮಿರುಗುವ ಕರಿಕಲ್ಲಿನ ನಂದಿಯನ್ನೂ ನೋಡಿಕೊಂಡು ನೊಣವಿನಕೆರೆಯ ಮೇಲೆ ತಿಪಟೂರಿಗೆ ಬಂದೆವು. ಕೊಬ್ಬರಿಯ ಪೇಟೆಯೆಂದು ಈ ಊರಿನ ಹೆಸರು ಉತ್ತರ ಹಿಂದೂಸ್ಥಾನದವರೆಗೂ ಹಬ್ಬಿದೆ. ಬಲಿತ ಕಾಯಿಯನ್ನು ಸುಲಿಯದೆ ವರ್ಷದ ಹತ್ತಿರ ಅಟ್ಟದ ಮೇಲಿಡುತ್ತಾರೆ; ಒಳಗಿನ ನೀರು ಆರಿ ತಿರುಳು ಚಿಪ್ಪನ್ನು ಬಿಟ್ಟುಕೊಳ್ಳುವುದು. ಅಲುಗಿಸಿದರೆ ಉಂಡೆ ಕೊಬ್ಬರಿ ಒಳಗೆ ಗಡಗಡನೆ ಆಡುವುದು. ಕಾಯಿಗೆ ಆ ಸದ್ದು ಶುಭ. ಆಸನದಲ್ಲಿ ಕುಳಿತ ಮಗು ಮಾತ್ರ ಹಾಗೆ ಆಡಬಾರದು.

ಎಷ್ಟೋ ಮನೆಗಳಲ್ಲಿ ಆಸನವಿದ್ದೂ ಪಟ್ಟಿ ಸಡಿಲವಾಗಿರುವುದುಂಟು. ಭುಜದ ಬಳಿ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ನೋಡಿರಿ. ಮಡಿಕೆ ಕೈಗೆ ಸಿಕ್ಕಿದರೆ ಇನ್ನೂ ಬಿಗಿಯಬೇಕು. ಹಿಂದಕ್ಕೆ ಮುಖ ಮಾಡಿದ ಮಗುವಿಗೆ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ತುಸು ಕೆಳಗಿನಿಂದ ಬರಬೇಕು. ಮುಂದಕ್ಕೆ ಮುಖ ಮಾಡಿದ್ದರೆ ಭುಜದ ಮಟ್ಟದಲ್ಲಿ ಅಥವಾ ತುಸು ಮೇಲಿನಿಂದ. ದಪ್ಪ ಸ್ವೆಟರನ್ನು ತೊಡಿಸಿ ಪಟ್ಟಿ ಕಟ್ಟಬಾರದು. ಕಟ್ಟಿದ ಮೇಲೆ ಹೊದಿಸಬಹುದು. ಆಸನವನ್ನು ಕಾರಿಗೆ ಬಿಗಿದ ಕಡೆ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಕದಲಬಾರದು.

ಹಿಂದುಮುಖದ ಆಸನ ಚಿಕ್ಕದಾದ ಮೇಲೆ ಮುಂದಕ್ಕೆ ಮುಖ ಮಾಡಿದ, ಐದು ಕಡೆ ಹಿಡಿಯುವ ಪಟ್ಟಿಯ ಆಸನ. ಅನೇಕ ಆಸನಗಳಲ್ಲಿ ಇದರ ಮಿತಿ ೧೮ ಕಿಲೋಗ್ರಾಂ. ಅದನ್ನೂ ಮೀರಿ ಬೆಳೆದ ಮಗುವಿಗೆ ಬೂಸ್ಟರ್. ೧೯೫೯ರಲ್ಲಿ ಬಂದ ಮೂರು ಬಿಂದುಗಳ ಬೆಲ್ಟು ದೊಡ್ಡವರ ಅಳತೆಯದು. ಚಿಕ್ಕವರಿಗೆ ಅದು ಕೊರಳಿಗೂ ಹೊಟ್ಟೆಗೂ ಬರುವುದು. ಢಿಕ್ಕಿಯಾದರೆ ಒಳಗಿನ ಅವಯವಗಳನ್ನೇ ಕೊಯ್ದೀತು. ಮಗುವನ್ನು ಎತ್ತರಿಸಿ, ಬೆಲ್ಟು ಕೆಳಗೆ ಸೊಂಟದ ಎಲುಬಿನ ಮೇಲೂ, ಮೇಲೆ ಭುಜದ ನಡುವಿನಲ್ಲೂ ಹಾಯುವಂತೆ ಮಾಡುವುದೇ ಬೂಸ್ಟರಿನ ಕೆಲಸ. ಕೊರಳಿಗೆ ತಾಗುವುದೆಂದು ಬೆಲ್ಟನ್ನು ಕಂಕುಳಡಿಗೆ ಸರಿಸಿಕೊಳ್ಳುವುದು ಮಕ್ಕಳ ರೂಢಿ, ಅದನ್ನು ಬಿಡಿಸಬೇಕು. ಬೆನ್ನೊರಗುಳ್ಳ ಬೂಸ್ಟರಾದರೆ ನಿದ್ದೆ ಹೋದ ಮಗು ಪಕ್ಕಕ್ಕೆ ವಾಲದು. ಸುಮಾರು ೧೪೫ ಸೆಂಟಿಮೀಟರು ಎತ್ತರವಾಗುವವರೆಗೆ, ಎಂದರೆ ಹತ್ತು ಹನ್ನೆರಡು ವರ್ಷದವರೆಗೂ, ಇದು ಬೇಕಾದೀತು. ಬೆನ್ನು ಪೂರ್ತಿ ಒರಗಿ, ಮೊಣಕಾಲು ಸೀಟಿನ ಅಂಚಿನಲ್ಲಿ ಮಡಿದು, ಪಾದ ನೆಲ ಮುಟ್ಟಿದರೆ ಬೂಸ್ಟರನ್ನು ಬಿಡುವ ಕಾಲ ಬಂದಿತೆಂದು ತಿಳಿಯಿರಿ.

ಕೊಳ್ಳುವವರು ಬಣ್ಣಕ್ಕೂ ಮೆತ್ತೆಗೂ ಮರುಳಾಗದೆ, ಭಾರತದ ಎ.ಐ.ಎಸ್. ೦೭೨ ಅಥವಾ ಯುರೋಪಿನ ಆರ್ ೪೪, ಆರ್ ೧೨೯ ಎಂಬ ಗುರುತನ್ನು ನೋಡಬೇಕು. ಮಗುವಿನ ತೂಕ ಎತ್ತರಗಳನ್ನು ಅಳೆದುಕೊಂಡು ಹೋಗಬೇಕು. ತಮ್ಮ ಕಾರಿನಲ್ಲಿಯೇ ಇಟ್ಟು ನೋಡಬೇಕು. ಒಮ್ಮೆ ಅಪಘಾತವನ್ನು ಕಂಡ ಆಸನ ಹೊರಗೆ ಚೆನ್ನಾಗಿ ಕಂಡರೂ ಬೇಡ. ಪೂರ್ವಕಥೆ ತಿಳಿಯದ ಹಳೆಯದೂ ಬೇಡ. ಹೊಸ ಕಾರನ್ನು ಕೊಳ್ಳುವವರು ೨೦೨೩ರಲ್ಲಿ ಮೊದಲಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ರಕ್ಷಣೆಗೆಂದು ಬೇರೆಯಾಗಿ ಕೊಡುವ ಅಂಕಗಳನ್ನೂ ವಿಚಾರಿಸಲಿ.

ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಹೋಗುವಾಗ ಎದುರಿಗೆ ಬಂದುವು ಬಹುಮಟ್ಟಿಗೆ ಮೋಟಾರ್ ಸೈಕಲುಗಳೇ. ಒಂದೊಂದರ ಮೇಲೂ ಒಂದು ಸಂಸಾರ: ಮುಂದೆ ಟ್ಯಾಂಕಿನ ಮೇಲೆ ಒಂದು ಮಗು, ಹಿಂದೆ ತಾಯಿಯ ತೋಳಿನಲ್ಲಿ ಇನ್ನೊಂದು. ನಮ್ಮ ಮಾತು ಕಾರಿದ್ದವರಿಗಷ್ಟೇ ಸಲ್ಲುವುದೆಂದು ಅವರು ಎಣಿಸಬಾರದು. ೨೦೧೯ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯಂತೆ ೧೪ ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ತಕ್ಕ ಆಸನವಿಲ್ಲದೆ ಕಾರಿನಲ್ಲಿ ಕರೆದೊಯ್ದರೆ ೧,೦೦೦ ರೂಪಾಯಿ ದಂಡ. ದ್ವಿಚಕ್ರ ವಾಹನಕ್ಕೂ ೨೦೨೩ರ ಫೆಬ್ರವರಿ ೧೫ರಿಂದ ಕಟ್ಟಳೆಯುಂಟು: ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಪಟ್ಟಿಯಿಂದ ಬಿಗಿದಿರಬೇಕು, ಒಂಬತ್ತು ತಿಂಗಳು ತುಂಬಿದ ಮೇಲೆ ತಲೆಗೆ ತಕ್ಕ ಹೆಲ್ಮೆಟ್ಟೂ ಬೇಕು, ವೇಗ ೪೦ ಕಿಲೋಮೀಟರನ್ನು ಮೀರಬಾರದು. ದಂಡದ ಭಯ ದೊಡ್ಡದಲ್ಲ. ರಸ್ತೆಗೆ ಥಟ್ಟನೆ ಇಳಿಯುವ ಟ್ರಾಕ್ಟರಿಗೆ ಕಾರೂ ಒಂದೇ, ಮೋಟಾರ್ ಸೈಕಲೂ ಒಂದೇ.

ಚಿಕ್ಕನಾಯಕನಹಳ್ಳಿಯ ಸ್ನೇಹಿತರ ಮನೆಯಿಂದ ಹೊರಡುವಾಗ ಸಂಜೆಯಾಯಿತು. ಕಾರು ಬಿಸಿಲಿನಲ್ಲಿ ನಿಂತಿದ್ದುದರಿಂದ ಕೂಸನ್ನು ಕೂರಿಸುವ ಮೊದಲು ಮಗಳು ಕೊಂಡಿಗಳನ್ನು ಮುಟ್ಟಿ ನೋಡಿದಳು. ಕೂಸು ಒಪ್ಪದೆ ಅತ್ತಿತು. ಮನೆಯೊಡತಿ ಕನಿಕರದಿಂದ, “ಪಾಪ, ಅಷ್ಟು ಅಳ್ತದೆ, ಮಡಿಲಿಗೆ ತಗೊಳ್ಳಿ ಅಮ್ಮಾ, ಊರು ದಾಟೋವರೆಗಾದರೂ” ಎಂದರು. ನಾವು ಮನೆಯವರ ಮುಖ ನೋಡಿದೆವು. ಅವರು ಕೂಸಿನ ಕೆನ್ನೆ ಸವರಿ, ಭುಜದ ಪಟ್ಟಿಯನ್ನು ಚಿವುಟಿ ನೋಡಿ, ಇನ್ನೊಂದಿಷ್ಟು ಬಿಗಿದರು. “ಅಳಲಿ ಬಿಡಿ. ಇಳಿದ ಮೇಲೆ ಎತ್ತಿಕೊಳ್ಳೋದಕ್ಕೆ ನಾನಿದ್ದೇನಲ್ಲ” ಎಂದರು. ಕಿಬ್ಬನಹಳ್ಳಿ ಕ್ರಾಸ್ ಬರುವುದರೊಳಗೆ ಕೂಸು ನಿದ್ದೆ ಹೋಗಿತ್ತು.