ತುಟಿಯ ನಡುವಿನ ಪಿನ್ನು

ಸ್ಕಾರ್ಫ್ ಸರಿಪಡಿಸಿಕೊಳ್ಳುವಾಗ ನೀವು ಪಿನ್ನನ್ನು ಎಲ್ಲಿಟ್ಟುಕೊಳ್ಳುತ್ತೀರಿ? ತುಟಿಗಳ ನಡುವೆ ತಾನೇ? ನಾನೂ ಹಾಗೆಯೇ ಮಾಡುತ್ತಿದ್ದೆ.

ಬಸವೇಶ್ವರನಗರದ ನಮ್ಮ ಮನೆಗೆ ಸಂಜೆ ಕೆಲವು ಮಕ್ಕಳು ಓದಲು ಬರುತ್ತಾರೆ. ಒಂದು ದಿನ ಒಂಬತ್ತು ವರ್ಷದ ಹುಡುಗಿಯೊಬ್ಬಳು ಪಿನ್ನನ್ನು ಬಾಯಲ್ಲಿಟ್ಟುಕೊಂಡೇ ಗೆಳತಿಯ ಮಾತಿಗೆ ನಕ್ಕಳು. ಮರುಕ್ಷಣ, "ಆಪಾ, ಪಿನ್ ನುಂಗಿಬಿಟ್ಟೆ" ಎಂದು ಅಳತೊಡಗಿದಳು. ಆಗ ನಾನು ಮಾಡಿದ್ದೇನು ಗೊತ್ತೇ? ಹಣ್ಣಿನ ಜೊತೆ ಜಾರಿ ಹೋಗಲಿ ಎಂದು ಬಾಳೆಹಣ್ಣು ತಿನ್ನಿಸಿದೆ!

ಹಾವನೂರು ವೃತ್ತದ ವಾಹನಗಳ ನಡುವೆ ನುಸುಳಿ ಆಟೋ ಆಸ್ಪತ್ರೆ ತಲುಪಿತು. ಎಕ್ಸ್‌ರೇಯಲ್ಲಿ ಪಿನ್ನು ಹೊಟ್ಟೆಯೊಳಗೆ ಕಂಡಿತು. "ಏನಾದರೂ ತಿನ್ನಿಸಿದ್ದೀರಾ?" ಎಂದು ವೈದ್ಯರು ಕೇಳಿದಾಗ, ಹುಡುಗಿಯ ಅಮ್ಮಿಯ ಎದುರು ಇಲ್ಲವೆಂದುಬಿಡುವ ಆಸೆಯಾಯಿತು. ಆದರೂ ನಿಜ ಹೇಳಿದೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದಂತೆ. ನನ್ನ ಬಾಳೆಹಣ್ಣಿನಿಂದಾಗಿ ಮಗು ಕೆಲವು ಗಂಟೆ ಕಾಯಬೇಕಾಯಿತು. ಆ ಗಂಟೆಗಳನ್ನು ನಾನು ಮರೆಯಲಾರೆ.

ಕೊನೆಗೆ ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ, ಪುಟ್ಟ ಚಿಮುಟದಿಂದ ಪಿನ್ನನ್ನು ಹೊರತೆಗೆದರು. ಇದೇ ಎಂಡೋಸ್ಕೋಪಿ. ಚೂಪು ತುದಿ ಹಿಂದಿರುವಂತೆ ಹಿಡಿದು ಎಳೆಯುತ್ತಾರೆ. ಇಲ್ಲವಾದರೆ ಅನ್ನನಾಳ ಗೀರಿಹೋಗುತ್ತದೆ. ಹೊಟ್ಟೆ ಕೊಯ್ಯುವ ಪ್ರಸಂಗ ಬರಲಿಲ್ಲ. ಅಲ್‌ಹಮ್ದುಲಿಲ್ಲಾಹ್!

ಇಂತಹ ಪಿನ್ನು ಶ್ವಾಸನಾಳಕ್ಕೂ ಇಳಿಯಬಹುದು. ಟರ್ಕಿ, ಈಜಿಪ್ಟ್‌ಗಳ ವೈದ್ಯರು ಹದಿಹರೆಯದ ಹುಡುಗಿಯರಲ್ಲಿ ಇಂತಹ ಅನೇಕ ಪ್ರಕರಣಗಳನ್ನು ದಾಖಲಿಸಿದ್ದಾರೆ.

ಆದ್ದರಿಂದ ಇಷ್ಟು ನೆನಪಿಡಿ. ಮಗು ಚೂಪಾದ ವಸ್ತು ನುಂಗಿದರೆ ವಾಂತಿ ಮಾಡಿಸಬೇಡಿ. ಅನ್ನದ ಉಂಡೆ, ಹಣ್ಣು, ನೀರು ಏನನ್ನೂ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥದೇ ಇನ್ನೊಂದು ಪಿನ್ನು ಮನೆಯಲ್ಲಿದ್ದರೆ ವೈದ್ಯರಿಗೆ ತೋರಿಸಲು ಒಯ್ಯಿರಿ. ವಸ್ತು ಅನ್ನನಾಳದಲ್ಲೇ ಸಿಕ್ಕಿಕೊಂಡಿದ್ದರೆ 2 ಗಂಟೆಯೊಳಗೆ, ಹೊಟ್ಟೆಯಲ್ಲಿದ್ದರೆ 24 ಗಂಟೆಯೊಳಗೆ ತೆಗೆಯಬೇಕೆಂಬುದು ತಜ್ಞರ ಸಲಹೆ. ಮೀನಿನ ಮುಳ್ಳು, ಪ್ಲಾಸ್ಟಿಕ್ ಚೂರು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ಏನೂ ಕಾಣಲಿಲ್ಲವೆಂದು, ಮಗು ನೋವೆನ್ನುತ್ತಿದ್ದರೂ ಸುಮ್ಮನಿರಬೇಡಿ.

ಮರುವಾರ ಹುಡುಗಿ ಓದಲು ಬಂದಳು. ಬಾಯಲ್ಲಿ ಪಿನ್ನು ಇಟ್ಟುಕೊಳ್ಳಬಾರದೆಂದು ನಾನು ಬುದ್ಧಿ ಹೇಳತೊಡಗಿದಾಗ ಮೆಲ್ಲನೆ ಅಂದಳು: "ನೀವೂ ಹಾಗೇ ಇಟ್ಟುಕೊಳ್ತೀರಲ್ಲ ಆಪಾ?"

ನನ್ನಲ್ಲಿ ಉತ್ತರವಿರಲಿಲ್ಲ. ಈಗ ಕನ್ನಡಿಯ ಪಕ್ಕ ಪಿನ್ನು ಚುಚ್ಚಿಡಲು ಪುಟ್ಟ ಬಟ್ಟೆಯ ದಿಂಬೊಂದಿದೆ. ಸಹೋದರಿಯರೇ, ನಿಮ್ಮ ಕನ್ನಡಿಯ ಪಕ್ಕದಲ್ಲೂ ಒಂದನ್ನು ಇಡಿ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕೈಯನ್ನೇ ಹೆಚ್ಚು ನೋಡುತ್ತಾರೆ.